ಮಂಕಾಳಿಯ ಲಂಗರು

ಕೂತವರೆಲ್ಲ ಕೇಳಿ, ನಗು ಬಂದರೆ ಸ್ವಲ್ಪ ತಡೆದುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಕಡಲ ದಂಡೆಯ ಒಂದು ಕೇರಿಯಲ್ಲಿ ಸಣ್ಣಮ್ಮ ಎಂಬ ಮೀನು ಮಾರುವವಳಿದ್ದಳು. ಅವಳಿಗೆ ಒಬ್ಬನೇ ಮಗ, ಮಂಕಾಳಿ. ಆಳು ಎತ್ತರ, ತೋಳು ಗಟ್ಟಿ, ತಲೆಯೊಳಗೆ ಮಾತ್ರ ಗಾಳಿ ಧಾರಾಳ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ದಿನಾ ಸಂಜೆ ದೋಣಿಯನ್ನು ಮರಳಿಗೆ ಎಳೆದ ಮೇಲೆ ತಳದ ಬಿರಡೆ ಕಿತ್ತು ಒಳಗಿನ ನೀರು ಬಸಿಯುವುದೊಂದೇ ಅವನು ತಪ್ಪಿಲ್ಲದೆ ಮಾಡುತ್ತಿದ್ದ ಕೆಲಸ.

ಸತ್ತ ಅಪ್ಪ ಬಿಟ್ಟುಹೋದದ್ದು ಆ ಸಣ್ಣ ಹಾಯಿದೋಣಿ ಒಂದೇ. ಅದರ ಮೇಲೆ ಸಣ್ಣಮ್ಮನ ಅಣ್ಣ ಬೊಮ್ಮಯ್ಯನಿಗೆ ಕಣ್ಣು. ಐದು ದಿನ ಹುಡುಗನನ್ನು ನೋಡುತ್ತೇನೆ, ಲಂಗರು ಕಟ್ಟಿ ಇಳಿಸಿ ಎತ್ತಿಡುವಷ್ಟಾದರೂ ಕಲಿತರೆ ದೋಣಿ ಅವನ ಕೈಗೆ, ಇಲ್ಲದಿದ್ದರೆ ನನ್ನ ಮಗಳ ಗಂಡನಿಗೆ ಎಂದುಬಿಟ್ಟ. ಕೈಹಿಡಿದು ತೋರಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ. ಚುಕ್ಕಾಣಿ ಹಿಡಿದು ಕೂತಲ್ಲಿಂದಲೇ ಜಗತ್ತು ನಡೆಸುವ ಗಿರಾಕಿ ಅವನು.

ಮೊದಲ ದಿನ ಬೊಮ್ಮಯ್ಯ ಲಂಗರು ನೀರಿಗೆ ಬಿಡು ಎಂದ. ಮಂಕಾಳಿ ಬಿಟ್ಟ. ಹಗ್ಗ ಕಟ್ಟು ಎಂದು ಯಾರೂ ಹೇಳಿರಲಿಲ್ಲ. ಇಳಿತದ ಹೊತ್ತಿಗೆ ಮುಳುಗಿ ಹುಡುಕಿ ತರುವಷ್ಟರಲ್ಲಿ ಕೂಗಿ ಕೂಗಿ ಮಾವನ ಗಂಟಲು ಹರಿದಿತ್ತು. ಮನೆಗೆ ಬಂದರೆ ಅವ್ವಿಯ ಬೈಗುಳ. ಒಂದು ದಿನವೂ ದೋಣಿ ಹತ್ತದವಳು ಕಡಲಿನ ಬುದ್ಧಿ ಹೇಳಿದಳು: ನೀರಿಗೆ ಏನೇ ಇಳಿಯಲಿ, ಮೊದಲು ಅದಕ್ಕೆ ಹಗ್ಗ ಕಟ್ಟು, ಇನ್ನೊಂದು ತುದಿ ದೋಣಿಗೆ ಕಟ್ಟು.

ಮರುದಿನ ದೋಣಿ ಮರಳದಿಬ್ಬಕ್ಕೆ ಸಿಕ್ಕಿತು. ತಳ್ಳಲು ಬೊಮ್ಮಯ್ಯ ನೀರಿಗೆ ಇಳಿಯುವಾಗ ಮಂಕಾಳಿ ಅವನ ಸೊಂಟಕ್ಕೆ ಹಗ್ಗ ಸುತ್ತಿ ಎರಡು ಗಂಟು ಬಿಗಿದ. ಇದೇನು ಎಂದು ಕೇಳುವುದರೊಳಗೆ ದೋಣಿ ಜಾರಿತು, ಹಾಯಿಗೆ ಗಾಳಿ ತುಂಬಿತು. ದೋಣಿ ಮುಂದೆ, ಮಾವ ಹಿಂದೆ, ಅಳಿವೆಯವರೆಗೂ ಉಪ್ಪುನೀರು ಕುಡಿಯುತ್ತ ಬಂದ. ಅವ್ವಿ ತಲೆ ಚಚ್ಚಿಕೊಂಡಳು. ಹಗ್ಗ ಕಟ್ಟುವುದು ಲಂಗರಿಗೆ, ಮಾವನಿಗಲ್ಲ, ಇನ್ನೊಂದು ತುದಿ ಅಲುಗಾಡದ ಗಟ್ಟಿ ವಸ್ತುವಿಗೆ ಬಿಗಿ ಎಂದಳು.

ದೋಣಿ ಅಲುಗಾಡುತ್ತದೆ, ಅಷ್ಟು ಮಂಕಾಳಿಗೂ ಗೊತ್ತು. ದಂಡೆಯ ತೆಂಗಿನಮರ ಅಲುಗಾಡುವುದಿಲ್ಲ. ಮೂರನೆಯ ದಿನ ಲಂಗರನ್ನು ದೋಣಿಯ ಮೂತಿಗೆ ಸಿಕ್ಕಿಸಿ, ಅದರ ಹಗ್ಗದ ಇನ್ನೊಂದು ತುದಿಯನ್ನು ಮರಕ್ಕೆ ಕಟ್ಟಿ ಹೊರಟ. ಹಗ್ಗ ಮುಗಿದಲ್ಲಿ ದೋಣಿ ಗಕ್ಕನೆ ನಿಂತಿತು. ಬೊಮ್ಮಯ್ಯ ನಿಲ್ಲಲಿಲ್ಲ. ಅವನ ಮೂಗಿಗೆ ಅರಿಶಿನ ಹಚ್ಚುತ್ತಲೇ ಸಣ್ಣಮ್ಮ ಮಗನಿಗೆ ಹೇಳಿದಳು: ದೋಣಿಗೇ ಕಟ್ಟು, ಕೆಲಸ ಮುಗಿದ ಮೇಲೆ ಕೆಸರು ತೊಳೆದು, ಹಗ್ಗ ಸುತ್ತಿ, ಯಾರ ಕಾಲಿಗೂ ಸಿಗದ ಹಾಗೆ ಜೋಪಾನವಾಗಿ ಎತ್ತಿಡು.

ನಾಲ್ಕನೆಯ ದಿನ ನಡುನೀರಿನಲ್ಲಿ ಗಾಳಿ ಬಿದ್ದುಹೋಯಿತು, ಸೆಳೆತ ದೋಣಿಯನ್ನು ಬಂಡೆಯ ಕಡೆ ಎಳೆಯಿತು. ಬೊಮ್ಮಯ್ಯ ಲಂಗರು ಲಂಗರು ಎಂದು ಕೂಗಿಕೊಂಡ.

"ಜೋಪಾನವಾಗಿ ಇಟ್ಟಿದ್ದೆ ಮಾವ."

"ಎಲ್ಲಿಟ್ಟಿದ್ಯೋ?"

"ಅವ್ವಿ ಪೆಟ್ಟಿಗೆಲಿ, ಸೀರೆ ಅಡಿಗೆ. ಬೀಗ ಹಾಕಿ ಬಂದೆ."

ದೋಣಿಯ ಒಂದು ಮಗ್ಗುಲು ಬಂಡೆಗೆ ಉಜ್ಜಿತು, ಹೇಗೋ ಪ್ರಾಣ ಉಳಿಯಿತು. ಉಳಿದದ್ದು ಒಂದೇ ದಿನ. ಲಂಗರಿನ ತುಕ್ಕು ಹತ್ತಿದ ಮದುವೆ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸಣ್ಣಮ್ಮ ಅತ್ತಳು. ಈ ಸಲ ಬೈಯಲಿಲ್ಲ, ಬೇಡಿಕೊಂಡಳು.

"ಮಗಾ, ದೋಣಿ ಎಲ್ಲಿರ್ತದೋ ಲಂಗರೂ ಅಲ್ಲೇ ಇರಬೇಕು. ಪ್ರಾಣ ಹೋದ್ರೂ ಎರಡನ್ನ ಬೇರೆ ಮಾಡಬೇಡ."

ಐದನೆಯ ದಿನ ಕೇರಿಗೆ ಕೇರಿಯೇ ದಂಡೆಯಲ್ಲಿ ನೆರೆಯಿತು. ಬೊಮ್ಮಯ್ಯನ ಅಳಿಯ ದೋಣಿ ಒಯ್ಯಲು ಹೊಸ ಹಗ್ಗವನ್ನೂ ತಂದಿದ್ದ. ಮಂಕಾಳಿ ಒಬ್ಬನೇ ಹೋದ. ಲಂಗರಿಗೆ ಹಗ್ಗ ಕಟ್ಟಿದ, ಹಗ್ಗವನ್ನು ದೋಣಿಗೆ ಕಟ್ಟಿದ, ಮೆಲ್ಲಗೆ ಇಳಿಸಿದ. ದೋಣಿ ಕದಲದೆ ನಿಂತಿತು. ಸಣ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ಬೊಮ್ಮಯ್ಯನ ಮುಖ ಸಪ್ಪಗಾಯಿತು. ಇನ್ನು ಎತ್ತಿಟ್ಟು ಮರಳಿದರೆ ಮುಗಿಯಿತು.

ಎಳೆದ, ಲಂಗರು ಬರಲಿಲ್ಲ. ಅಡಿಯ ಕಲ್ಲಿಗೆ ಸಿಕ್ಕಿಕೊಂಡಿತ್ತು. ಮತ್ತೆ ಎಳೆದ, ಬರಲಿಲ್ಲ. ಹಗ್ಗ ಕಡಿದು ಬಾ ಎಂದು ದಂಡೆಯಿಂದ ಹತ್ತು ಜನ ಕೂಗಿದರು. ಮಂಕಾಳಿ ಕತ್ತಿ ತೆಗೆದ. ಅವ್ವಿಯ ಮಾತು ನೆನಪಾಯಿತು, ಕತ್ತಿ ಕೆಳಗಿಟ್ಟ. ಲಂಗರು ಕೆಳಗಿದೆ, ದೋಣಿ ಮೇಲಿದೆ, ಎರಡೂ ಬೇರೆ ಬೇರೆ ಇವೆ. ಲಂಗರಂತೂ ಮೇಲೆ ಬರುವುದಿಲ್ಲ. ಅವನು ಬಗ್ಗಿ ದೋಣಿಯ ತಳದ ಬಿರಡೆ ಕಿತ್ತ.

ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಉಳಿದದ್ದು ಹಾಯಿಮರದ ತುದಿ ಮತ್ತು ಅದನ್ನು ತಬ್ಬಿಕೊಂಡ ಮಂಕಾಳಿ.

"ಅವ್ವೀ, ಎರಡೂ ಒಂದೇ ಕಡೆ ಅದೆ ನೋಡು!"

ಅಳಿಯ ಹೊಸ ಹಗ್ಗವನ್ನು ಹಿಡಿದುಕೊಂಡೇ ನಿಂತಿದ್ದ. ಈಗ ಬೇಕಾದರೆ ಒಯ್ಯಲಿ ಎಂದು ಸಣ್ಣಮ್ಮ ಅಣ್ಣನಿಗೆ ಹೇಳಿದಳು. ಆಮೇಲೆ ಮಗನಿಗೆ ಬುದ್ಧಿ ಹೇಳಲು ಬಾಯಿ ತೆರೆದಳು. ಕೇರಿಯವರೆಲ್ಲ ಒಟ್ಟಿಗೆ ಅವಳಿಗೆ ಕೈಮುಗಿದು, ಬೇಡ ತಾಯಿ, ಇನ್ನೇನೂ ಹೇಳಬೇಡ, ನಮ್ಮ ದೋಣಿಗಳಾದರೂ ಉಳಿಯಲಿ ಎಂದರು.