ಟಿಟ್ಟಿಭದ ಕಣ್ಣೆದುರಿನ ಕುಂಕುಮ

ಭೂಮಿಯ ಮೇಲಿನ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಹೊಳೆಗೂ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು.

ಆ ಕಾಲದಲ್ಲಿ ಒಂದು ದೊಡ್ಡ ಜೌಗು. ಕಣ್ಣು ಹಾಯುವಷ್ಟು ದೂರ ನೀರು, ನೀರಿನ ತುಂಬ ಜೊಂಡು ಹುಲ್ಲು. ಮೊಲ, ನೀರುನಾಯಿ, ನೀರುಕೋಳಿ ಎಲ್ಲ ಅಲ್ಲೇ ಇದ್ದವು. ನಡುವಿನ ದಿಬ್ಬದ ಮೇಲೆ ದ್ಯಾವಕ್ಕ ಎಂಬ ಹೆಂಗಸು ಒಬ್ಬಳೇ ಇದ್ದಳು. ಜೊಂಡು ಕೊಯ್ದು ಚಾಪೆ ಹೆಣೆಯುವುದು ಅವಳ ಕೆಲಸ.

ಒಮ್ಮೆ ಹೊಳೆಯಲ್ಲಿ ಭಾರಿ ನೆರೆ ಬಂತು. ತೇಲಿ ಬಂದ ಮರದ ದಿಮ್ಮಿಯ ಮೇಲೆ ಬೆರಳು ಗಾತ್ರದ ಹಾವಿನ ಮರಿಗಳು ಎರಡು. ಮೈತುಂಬ ಚಿತ್ತಾರ. ಚಳಿಗೆ ಮುದುಡಿಕೊಂಡಿದ್ದವು.

"ಅಯ್ಯೋ ಪಾಪ, ಎಲ್ಲಿಂದ ಬಂದಿರೋ!" ಎಂದು ದ್ಯಾವಕ್ಕ ಅವನ್ನು ಬುಟ್ಟಿಯಲ್ಲಿಟ್ಟು ಸಾಕಿದಳು.

ಮರಿಗಳು ಬೆಳೆದವು. ಬೆಳೆದವು, ಬೆಳೆದವು, ಒನಕೆ ಗಾತ್ರವಾದವು. ಒಂದು ದಿನ ಅವಳ ಮೇಕೆಮರಿಯನ್ನು ಎವೆಯಿಕ್ಕದೆ ನೋಡುತ್ತ ಕೂತಿದ್ದವು.

"ಏನ್ರೋ ಇದು?" ಎಂದಳು ದ್ಯಾವಕ್ಕ.

"ಹಸಿವು, ಅವ್ವಾ," ಎಂದವು.

ಅವಳು ಮೇಕೆಮರಿಯನ್ನು ಒಳಗೆ ಕಟ್ಟಿದಳು. "ಜೌಗಿನಲ್ಲಿ ಬೇಕಾದಷ್ಟು ಜಾಗ ಇದೆ, ಹೋಗಿ" ಎಂದು ಬಿಟ್ಟುಬಂದಳು.

ಮಳೆಗಾಲಗಳು ಕಳೆದವು. ಎರಡಿದ್ದದ್ದು ಇಪ್ಪತ್ತಾಯಿತು, ಇಪ್ಪತ್ತು ಇನ್ನೂರಾಯಿತು. ಕೆಸರಿನಲ್ಲಿ ಕೆಸರಾಗಿ, ಜೊಂಡಿನಲ್ಲಿ ಜೊಂಡಾಗಿ ಮಲಗಿದ ಹೆಬ್ಬಾವು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲು ಮೊಲಗಳು ಕಾಣೆಯಾದವು. ಆಮೇಲೆ ನೀರುಕೋಳಿಗಳು.

ಒಂದು ಬೆಳಿಗ್ಗೆ ಗಾಳಿ ಅವಳ ಬಾಗಿಲಿಗೆ ಬಂತು. "ದ್ಯಾವಕ್ಕಾ, ಜೌಗಿನ ಸದ್ದನ್ನೆಲ್ಲ ಹೊತ್ತು ತರುತ್ತಿದ್ದೆ. ಇವತ್ತು ಹೊರುವುದಕ್ಕೆ ಒಂದು ಕೂಗೂ ಸಿಗಲಿಲ್ಲ."

ದ್ಯಾವಕ್ಕ ಅತ್ತಳು. "ಬಿಟ್ಟವಳು ನಾನು. ಹಿಡಿಯಬೇಕಾದವಳೂ ನಾನೇ" ಎಂದು ಬುಟ್ಟಿ ಹೊತ್ತು ನೀರಿಗಿಳಿದಳು.

ಆಗ ಟಿಟ್ಟಿಭ ಹಕ್ಕಿ ಪಿಸುಮಾತಿನ ಹಕ್ಕಿ. ಜೊಂಡಿನೊಳಗೆ ಗೂಡು ಕಟ್ಟುತ್ತಿತ್ತು. ಹಿಂದಿನ ದಿನವಷ್ಟೇ ಅದರ ನಾಲ್ಕೂ ಮೊಟ್ಟೆಗಳು ಹೆಬ್ಬಾವಿನ ಪಾಲಾಗಿದ್ದವು. ಮೇಲೆ ಸುತ್ತು ಹಾಕುತ್ತಿದ್ದ ಹಕ್ಕಿಗೆ ದ್ಯಾವಕ್ಕನ ಕಾಲ ಬಳಿಯೇ ಜೊಂಡು ಉಸಿರಾಡಿದ್ದು ಕಂಡಿತು.

"ಅಕ್ಕಾ, ಹಾವು" ಎಂದು ಪಿಸುಗುಟ್ಟಿತು. ಅವಳಿಗೆ ಕೇಳಿಸಲಿಲ್ಲ.

"ಅಕ್ಕಾ!" ಆಗಲೂ ಕೇಳಿಸಲಿಲ್ಲ. ಹಾವು ತಲೆ ಎತ್ತಿತು.

ಹಕ್ಕಿ ಇದ್ದ ಉಸಿರನ್ನೆಲ್ಲ ಸೇರಿಸಿ ಗಂಟಲು ಹರಿಯುವ ಹಾಗೆ ಕಿರುಚಿತು: "ಟಿಟ್ಟಿ-ಟ್ರೀ-ಟಿಟ್! ಟಿಟ್ಟಿ-ಟ್ರೀ-ಟಿಟ್!"

ದ್ಯಾವಕ್ಕ ಹಿಂದಕ್ಕೆ ನೆಗೆದಳು. ಹಾವಿನ ಬಾಯಿಗೆ ಅವಳ ಸೆರಗಿನ ತುದಿ ಮಾತ್ರ ಸಿಕ್ಕಿತು.

ಅವಳು ಕೇಳಿದಳು, "ನಿನ್ನ ಮೊಟ್ಟೆ ಹೋದದ್ದು ನನ್ನಿಂದ ಕಣೇ. ಆದರೂ ನನ್ನನ್ನು ಉಳಿಸಿದೆಯಲ್ಲ?"

"ನಿನ್ನೆಯಿಡೀ ಅತ್ತಿದ್ದೇನೆ ಅಕ್ಕಾ. ಇನ್ನೊಬ್ಬರ ಸಾವನ್ನೂ ನೋಡಲಾರೆ" ಎಂದಿತು ಟಿಟ್ಟಿಭ. ಅದರ ದನಿ ಒಡೆದೇ ಹೋಗಿತ್ತು.

ಅಂದಿನಿಂದ ಹಕ್ಕಿ ಮೇಲಿನಿಂದ ನೋಡಿ ಕೂಗುವುದು, ದ್ಯಾವಕ್ಕ ಹೋಗಿ ಹಿಡಿಯುವುದು. ಹಿಡಿದದ್ದನ್ನು ಕೊಲ್ಲಲು ಅವಳಿಗೆ ಮನಸ್ಸಾಗಲಿಲ್ಲ. ಅದಕ್ಕೆ ಇದ್ದದ್ದು ಹಸಿವು ತಾನೆ?

"ಇವನ್ನು ಇವು ತೇಲಿ ಬಂದ ಕಾಡಿಗೆ ವಾಪಸ್ ಒಯ್ಯುತ್ತೀಯಾ, ತಾಯೀ?" ಎಂದು ಹೊಳೆಯನ್ನು ಕೇಳಿದಳು.

"ಹಿಂದಕ್ಕೆ ಹರಿಯುವುದು ನನ್ನಿಂದಾಗದು. ಆದರೆ ಮೆಲ್ಲಗೆ ಹರಿಯಬಲ್ಲೆ" ಎಂದಿತು ಹೊಳೆ.

"ಹಾಗಾದರೆ ತೆಪ್ಪ ತಳ್ಳುವುದು ನನಗಿರಲಿ" ಎಂದಿತು ಗಾಳಿ.

ತೆಪ್ಪದ ಮೇಲೆ ತೆಪ್ಪ, ಬುಟ್ಟಿಯ ಮೇಲೆ ಬುಟ್ಟಿ ಹಾವುಗಳು ತಮ್ಮ ಕಾಡಿಗೆ ಹೋದವು. ಎಲ್ಲವೂ ಹೋದವೆಂದಲ್ಲ, ಕೆಲವು ಉಳಿದೇ ಉಳಿದವು. ಆದರೆ ಮರುವರ್ಷ ಜೊಂಡಿನಿಂದ ನೀರುಕೋಳಿಯ ಮರಿಯೊಂದು ಈಜಿ ಹೊರಬಂತು. ಅದನ್ನು ನೋಡಿ ದ್ಯಾವಕ್ಕನ ಕಣ್ಣು ತುಂಬಿತು.

ಅವಳು ಟಿಟ್ಟಿಭವನ್ನು ಅಂಗೈಯಲ್ಲಿ ಕೂರಿಸಿಕೊಂಡಳು. "ನಿನಗೆ ಏನು ಕೊಟ್ಟರೂ ಕಡಿಮೆಯೇ ತಂಗೀ" ಎಂದು ತನ್ನ ಹಣೆಯ ಕುಂಕುಮವನ್ನೇ ತೆಗೆದು, ಆ ಪುಟ್ಟ ತಲೆಯಲ್ಲಿ ಜಾಗ ಸಾಲದೆ, ಎರಡು ಕಣ್ಣುಗಳ ಮುಂದೆ ಹಚ್ಚಿದಳು. ಅಳಿದುಳಿದ ಮೊಲ, ನೀರುನಾಯಿ, ನೀರುಕೋಳಿ ಸುತ್ತ ನಿಂತು ತಲೆಬಾಗಿದವು.

ಟಿಟ್ಟಿಭ ಮತ್ತೆ ಜೊಂಡಿನಲ್ಲಿ ಗೂಡು ಕಟ್ಟಲಿಲ್ಲ. ನಾಲ್ಕೂ ದಿಕ್ಕು ಕಾಣುವ ಬಯಲಿನಲ್ಲಿ, ಕಲ್ಲುಗಳ ನಡುವೆ ಮೊಟ್ಟೆಯಿಟ್ಟಿತು.

ಅದಕ್ಕೇ ಮಗೂ, ಇವತ್ತಿಗೂ ನೀನು ಕೆರೆಯ ಬಯಲಿಗೆ ಕಾಲಿಟ್ಟರೆ ಕಣ್ಣ ಮುಂದೆ ಕೆಂಪು ಹಚ್ಚಿಕೊಂಡ ಆ ಹಕ್ಕಿ ಮೇಲೆದ್ದು, ಜೌಗಿನಲ್ಲಿರುವ ಪ್ರತಿಯೊಂದು ಜೀವಕ್ಕೂ ಕೇಳುವ ಹಾಗೆ "ಟಿಟ್ಟಿ-ಟ್ರೀ-ಟಿಟ್" ಎಂದು ಕೂಗುತ್ತದೆ.