ಬಡಿಸುವವರ ಕೈಯಲ್ಲಿದ್ದ ಎಲೆ

ನದಿಯ ದಂಡೆಯ ಒಂದು ಆಶ್ರಮದಲ್ಲಿ ಸಿದ್ಧಮ್ಮ ಎಂಬವರು ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತಿದ್ದರು. ಅಲ್ಲಿನ ದವಾಖಾನೆಗೆ ಶಿಷ್ಯೆ ಚಂಪಾ ಒಂದು ವೆಬ್ ಅಪ್ಲಿಕೇಶನ್ ಬರೆದಳು. ರೋಗಿ ಫೋನಿನಲ್ಲಿ ತೆರೆದರೆ ತನ್ನ ಮಾತ್ರೆಗಳ ಪಟ್ಟಿ ಕಾಣಬೇಕು.

ಮೊದಲ ದಿನವೇ ರೋಗಿ ಕೆಂಪಮ್ಮನಿಗೆ ಬೇರೆಯವರ ಪಟ್ಟಿ ಕಂಡಿತು. ಇಲ್ಲದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ಹೊರಟವಳ ಕೈಯನ್ನು ನರ್ಸ್ ಹಿಡಿದರು.

“ಸಂಜೆಯೊಳಗೆ ಸರಿಯಾಗದಿದ್ದರೆ ಇದು ನಮಗೆ ಬೇಡ,” ಎಂದರು ಡಾಕ್ಟರ್.

ಚಂಪಾ ಗುರುವಿನ ಬಳಿ ಓಡಿದಳು.

“ಅಮ್ಮಾ, ಪ್ರೋಗ್ರಾಂನಲ್ಲಿ ಪಟ್ಟಿ ಕೊಡೋ ತುಣುಕು, ಆ ಆಬ್ಜೆಕ್ಟ್, ಎಲ್ಲರಿಗೂ ಒಂದೇ, ದಿನವಿಡೀ ಇರುತ್ತೆ. ರೋಗಿಯ ವಿವರದ ಆಬ್ಜೆಕ್ಟ್ ಒಬ್ಬೊಬ್ಬರಿಗೂ ಹೊಸದು. ಸರಿಯಾಗೇ ಮಾಡಿದ್ದೀನಲ್ಲ?”

“ಪಟ್ಟಿ ಕೊಡೋದರ ಕೈಗೆ ರೋಗಿಯ ವಿವರ ಯಾವಾಗ ಕೊಟ್ಟೆ?”

“ಅದು ಹುಟ್ಟಿದಾಗಲೇ, ಬೆಳಿಗ್ಗೆ ಮೊದಲ ರೋಗಿ ತೆರೆದಾಗ.”

“ಊಟಕ್ಕೆ ನಡಿ. ಇವತ್ತು ಬಡಿಸೋಳು ನಾನು.”

ಮೂವತ್ತು ಜನ ಪಂಕ್ತಿಯಲ್ಲಿ ಕೂತಿದ್ದರು. ಸಿದ್ಧಮ್ಮ ಮೊದಲನೆಯವರ ಎಲೆ ಎತ್ತಿ ಎಡಗೈ ಮೇಲೆ ಇಟ್ಟುಕೊಂಡರು. ಒಬ್ಬೊಬ್ಬರ ಮುಂದೆ ನಿಂತು ಅನ್ನವನ್ನು ಆ ಎಲೆಗೇ ಹಾಕುತ್ತ ಬಂದರು.

“ಅಮ್ಮನಿಗೆ ಇವತ್ತು ಹಸಿವು ಜೋರು,” ಎಂದರು ಯಾರೋ.

“ಅಮ್ಮಾ, ನನ್ನೆಲೆ ಇಲ್ಲಿದೆ!” ಎಂದಳು ಚಂಪಾ.

“ಹೊಸದೇ?”

“ಹೊಸದೇ.”

“ಎಲೆ ಸರಿಯಾಗೇ ಹಾಕಿದ್ದಾರಲ್ಲ,” ಎಂದರು ಸಿದ್ಧಮ್ಮ. ಇನ್ನೊಂದು ಸೌಟು ಅನ್ನ ಕೈಯ ಎಲೆಗೇ ಬಿತ್ತು.

ಚಂಪಾಳ ಮುಖ ಕೆಂಪಾಯಿತು. “ಹಾಗಾದರೆ ಬಡಿಸುವವರನ್ನೂ ಒಬ್ಬೊಬ್ಬರಿಗೆ ಒಬ್ಬೊಬ್ಬರನ್ನು ತರ್ತೀನಿ.”

“ಉಣ್ಣೋರು ಮೂವತ್ತು, ಬಡಿಸೋರು ಮೂವತ್ತು. ಅಷ್ಟು ದೊಡ್ಡ ಅಡಿಗೆಮನೆ ನಿಮ್ಮಪ್ಪ ಕಟ್ಟಿಸ್ತಾನಾ?”

“ಮತ್ತೇನು ಮಾಡಲಿ?”

ಸಿದ್ಧಮ್ಮ ಕೈಯಲ್ಲಿದ್ದ ಎಲೆಯನ್ನು ಮೊದಲನೆಯವರ ಮುಂದೆ ಇಳಿಸಿದರು. ಎಡಗೈ ಬರಿದಾಯಿತು. ಚಂಪಾಳ ಮುಂದೆ ಬಗ್ಗಿ, ಅವಳ ಎಲೆ ನೋಡಿ, ಬಡಿಸಿದರು.

ಪಂಕ್ತಿ ಮುಗಿಯುವ ಮೊದಲು ಏಳುವಂತಿಲ್ಲ. ಚಂಪಾ ಚಡಪಡಿಸುತ್ತ ಕೂತಳು. ಮುಗಿದದ್ದೇ ತಡ, ಕೈ ತೊಳೆದು ಓಡಿದಳು. ಪಟ್ಟಿ ಕೊಡುವ ಆಬ್ಜೆಕ್ಟ್ ಯಾರ ವಿವರವನ್ನೂ ಹಿಡಿದಿಟ್ಟುಕೊಳ್ಳದೆ, ಕೇಳಿದವರು ಯಾರೆಂದು ಪ್ರತಿಸಲವೂ ಆ ಹೊತ್ತಿಗೇ ವಿಚಾರಿಸುವಂತೆ ತಿದ್ದಿದಳು.

ಸಂಜೆ ರೋಗಿಗಳೆಲ್ಲ ಒಟ್ಟಿಗೆ ಫೋನು ತೆರೆದರು. ಯಾರ ಪಟ್ಟಿಯೂ ಅದಲುಬದಲಾಗಲಿಲ್ಲ. ಕೆಂಪಮ್ಮ ತನ್ನ ಹೆಸರನ್ನು ಎರಡು ಸಲ ಓದಿ, ಮಾತ್ರೆ ನುಂಗಿದಳು. ಡಾಕ್ಟರ್ “ಇರಲಿ” ಎಂದರು.

ಚಂಪಾಳಿಗೆ ಮಾತ್ರ ಸಮಾಧಾನವಿಲ್ಲ.

“ಅಮ್ಮಾ, ಕೊಡುವ ಮೊದಲು ಹತ್ತು ಸಲ ಪರೀಕ್ಷೆ ಮಾಡಿದ್ದೆ. ಒಂದು ಸಲವೂ ತಪ್ಪಲಿಲ್ಲವಲ್ಲ?”

“ಹತ್ತು ಸಲವೂ ಪಂಕ್ತಿಯಲ್ಲಿ ನೀನೊಬ್ಬಳೇ ಕೂತಿದ್ದೆ.”