ಅಕ್ಕನ ಅಳತೆ

"ಅಮ್ಮಾ, ದೊಡ್ಡವರೆಂದು ನಂಬಿದ್ದವರು ಹತ್ತಿರ ಹೋದಾಗ ಸಣ್ಣವರಾಗಿ ಕಂಡರೆ, ನಂಬಿದ್ದು ತಪ್ಪೇ?"

ಶಿಷ್ಯನೊಬ್ಬ ಗುರುಮಾತೆಯನ್ನು ಹೀಗೆ ಕೇಳಿದ. ಹನ್ನೆರಡು ವರ್ಷಗಳ ಮೇಲೆ ಅವನು ತನ್ನ ಊರಿಗೆ ಹೋಗಿ ಬಂದಿದ್ದ. ಅಲ್ಲಿ ತನಗೆ ಮೊದಲು ಅಕ್ಷರ ಕಲಿಸಿದ ಮೇಷ್ಟರನ್ನು ಕಂಡಿದ್ದ.

"ಅವರಷ್ಟು ಬಲ್ಲವರು ಲೋಕದಲ್ಲೇ ಇಲ್ಲ ಎಂದುಕೊಂಡಿದ್ದೆ. ಈಗ ಮಾತಾಡಿಸಿ ನೋಡಿದರೆ ಅವರಿಗೆ ಗೊತ್ತಿರುವುದು ನಾಲ್ಕು ಪುಸ್ತಕ. ಅದರಲ್ಲೂ ಎರಡು ಪದ್ಯಕ್ಕೆ ತಪ್ಪು ಅರ್ಥ ಹೇಳಿದರು. ನನಗೆ ನಾಚಿಕೆಯಾಯಿತು. ಹೊರಡುವಾಗ ಕಾಲಿಗೂ ಬೀಳದೆ ಬಂದುಬಿಟ್ಟೆ."

ಗುರುಮಾತೆ ಅವನನ್ನು ಬೈಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಪೇಟೆಯಲ್ಲಿ ಬಟ್ಟೆ ಮಾರುವ ಹೆಂಗಸೊಬ್ಬಳಿದ್ದಳು. ಏಳನೆಯ ವಯಸ್ಸಿಗೆ ಕಸ ಗುಡಿಸಲು ಯಾವ ಅಂಗಡಿಗೆ ಸೇರಿದ್ದಳೋ, ನಲವತ್ತನೆಯ ವಯಸ್ಸಿಗೆ ಅದೇ ಅಂಗಡಿಗೆ ಒಡತಿಯಾದಳು. ಯಾರ ಕೈಯನ್ನೂ ಹಿಡಿಯದೆ ಮೇಲೆ ಬಂದವಳು. ಹಾಗಾಗಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅಳತೆಕೋಲನ್ನು ಅವಳು ಮುಟ್ಟಿದ್ದೇ ಇಲ್ಲ. ಗಿರಾಕಿ ಬಾಗಿಲಲ್ಲಿ ನಿಂತರೆ ಸಾಕು, ಇವನಿಗೆ ಇಷ್ಟು ಮೊಳ ಎಂದು ಹರಿದು ಕೊಡುತ್ತಿದ್ದಳು. ಅವಳ ಕಣ್ಣಳತೆ ಒಮ್ಮೆಯೂ ತಪ್ಪಿರಲಿಲ್ಲ.

ಅವಳಿಗೆ ಬೆಟ್ಟದ ಕಡೆಯ ಹಳ್ಳಿಯಲ್ಲಿ ಒಬ್ಬ ಅಕ್ಕನಿದ್ದಳು. ತಂದೆ ತಾಯಿ ಒಂದೇ ವಾರದಲ್ಲಿ ಜ್ವರ ಬಂದು ತೀರಿಹೋದಾಗ ಅಕ್ಕನಿಗೆ ಹದಿನೇಳು, ತಂಗಿಗೆ ಆರು. ಅಕ್ಕ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ನಾಲ್ಕು ದಿನ ನಡೆದು, ಬೆಟ್ಟ ದಾಟಿ, ಸೋದರತ್ತೆಯಿದ್ದ ಆ ಹಳ್ಳಿ ಸೇರಿದಳು. ಮರುವರ್ಷ ತಂಗಿ ಪೇಟೆಗೆ ಬಂದಳು. ಆಮೇಲೆ ಅಕ್ಕನನ್ನು ನೋಡಲು ಹೋಗಲೇ ಇಲ್ಲ. ಬರಿಗೈಯಲ್ಲಿ ಹೋಗಬಾರದೆಂಬ ಹಟ. ಮೊದಲು ಹಟ ಅಡ್ಡಬಂತು, ನಡುವೆ ಕೆಲಸ ಅಡ್ಡಬಂತು, ಕೊನೆಗೆ ಇಷ್ಟು ವರ್ಷ ಹೋಗದವಳು ಈಗ ಯಾವ ಮುಖ ಹೊತ್ತು ಹೋಗಲಿ ಎಂಬುದು ಅಡ್ಡಬಂತು.

ಒಂದು ವರ್ಷ ಬೆಟ್ಟದ ಕಡೆಯ ಗಾಡಿಯವನು ಸುದ್ದಿ ತಂದ. "ನಿಮ್ಮ ಅಕ್ಕನಿಗೆ ಚಳಿಗಾಲ ಬಂದರೆ ಕೆಮ್ಮು. ಹೋದ ಸಲ ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಮೈಗೆ ಬೆಚ್ಚಗೆ ಏನೂ ಇಲ್ಲದೆ ಇನ್ನೊಂದು ಚಳಿ ದಾಟುವುದು ಕಷ್ಟ."

ಅಂದೇ ಅವಳು ಅಂಗಡಿಯ ಅತಿ ದಪ್ಪ ಉಣ್ಣೆಬಟ್ಟೆ ತೆಗೆದುಕೊಂಡು ದರ್ಜಿಯ ಬಳಿಗೆ ಹೋದಳು. ನಿಲುವಂಗಿ ಹೊಲಿಯಬೇಕು ಎಂದಳು. ದರ್ಜಿ ಒಂದು ದಾರ ತೆಗೆದುಕೊಟ್ಟ.

"ಇದನ್ನು ಗಾಡಿಯವನ ಕೈಯಲ್ಲಿ ಕಳಿಸಿ ತಾಯಿ. ಭುಜಕ್ಕೊಂದು ಗಂಟು, ಎದೆಗೊಂದು ಗಂಟು, ತೋಳಿಗೊಂದು ಗಂಟು ಹಾಕಿ ತರಲಿ. ಚಳಿಯ ಅಂಗಿ ಮೈಯಿಂದ ಒಂದು ಅಂಗೈ ತೂರುವಷ್ಟೇ ದೂರ ಇರಬೇಕು. ಇನ್ನೂ ಸಡಿಲವಾದರೆ ಗಾಳಿ ಒಳಗೆ ಬಂದು ಕೂರುತ್ತದೆ."

"ನನ್ನ ಅಕ್ಕನ ಅಳತೆ ನನಗೆ ಗೊತ್ತಿಲ್ಲವೇ? ಭುಜ ಎರಡೂವರೆ ಗೇಣು ಹಾಕು. ಒಂದು ಹೆಗಲ ಮೇಲೆ ನಾನು ಕೂತಿರುತ್ತಿದ್ದೆ, ಇನ್ನೊಂದರ ಮೇಲೆ ಗಂಟು ಮೂಟೆ ಇರುತ್ತಿತ್ತು."

ದರ್ಜಿ ಅವಳ ಮುಖ ನೋಡಿದ. "ಎರಡೂವರೆ ಗೇಣಿನ ಭುಜ ಈ ಪೇಟೆಯಲ್ಲಿ ಒಬ್ಬನಿಗೇ ಇದೆ. ಅವನು ಗರಡಿಯ ಪೈಲವಾನ."

"ನೀನು ನನ್ನ ಅಕ್ಕನನ್ನು ನೋಡಿಲ್ಲ" ಎಂದಳು ಅವಳು.

ದರ್ಜಿ ಅವಳು ಹೇಳಿದಂತೆಯೇ ಹೊಲಿದ. ಅವಳು ನಿಲುವಂಗಿಯನ್ನು ಮಡಿಸಿ, ಗಾಡಿ ಏರಿ, ಮೂರನೆಯ ದಿನ ಬೆಟ್ಟದ ಹಳ್ಳಿ ಮುಟ್ಟಿದಳು.

ಬಾಗಿಲು ತೆರೆದವಳು ಒಬ್ಬ ಪುಟ್ಟ ಹೆಂಗಸು. ತಂಗಿಯ ಕಿವಿಯ ಎತ್ತರಕ್ಕೂ ಬರುತ್ತಿರಲಿಲ್ಲ.

"ಅಕ್ಕ ಇದ್ದಾಳೆಯೇ?" ಎಂದು ಕೇಳಿದಳು ತಂಗಿ.

ಆ ಹೆಂಗಸು ನಕ್ಕಳು. ನಗುತ್ತಲೇ ಕೆಮ್ಮಿದಳು. ಆ ನಗುವಿನಿಂದಲೇ ತಂಗಿಗೆ ಗುರುತು ಸಿಕ್ಕಿತು. ನಿಲುವಂಗಿಯನ್ನು ಅಕ್ಕನ ಕೈಗಿಟ್ಟಳು.

ನಿಲುವಂಗಿ ಹಾಕಿಕೊಂಡಾಗ ಅಕ್ಕನ ಕೈಗಳು ತೋಳಿನೊಳಗೇ ಉಳಿದವು. ಅಂಚು ನೆಲ ಗುಡಿಸಿತು. ಕೊರಳ ಬಳಿ ಗಾಳಿ ನೇರವಾಗಿ ಒಳಗಿಳಿಯಿತು. ಪಕ್ಕದ ಮನೆಯ ಮುದುಕಿ ಇಣುಕಿ ನೋಡಿ, "ಅಂಗಿಯೇನೋ ಬಂತು. ಅದರೊಳಗೆ ಇರಬೇಕಾದವಳು ಇನ್ನೂ ದಾರಿಯಲ್ಲಿದ್ದಾಳೇನು?" ಎಂದಳು.

"ನನಗೆ ಸರಿಯಾಗಿಯೇ ಇದೆ" ಎಂದಳು ಅಕ್ಕ. ಎರಡು ಹೆಜ್ಜೆ ಇಟ್ಟು ಅಂಚಿಗೆ ಕಾಲು ಸಿಕ್ಕಿ ಮುಗ್ಗರಿಸಿದಳು.

ತಂಗಿ ಹಟ ಬಿಡಲಿಲ್ಲ. "ಅಂಗಿಯ ಅಳತೆ ಸರಿಯಿದೆ. ನೀನೇ ಕಾಯಿಲೆಯಲ್ಲಿ ಬತ್ತಿಹೋಗಿದ್ದೀಯ. ನಾಳೆಯೇ ಪೇಟೆಗೆ ಹೊರಡು. ವೈದ್ಯರಿಗೆ ತೋರಿಸುತ್ತೇನೆ, ತಿಂದು ಮೈ ತುಂಬಿಕೊಂಡರೆ ಇದು ಸರಿಹೋಗುತ್ತದೆ."

"ಹುಚ್ಚಿ, ನಾನೆಲ್ಲಿ ಬತ್ತಿದ್ದೇನೆ?" ಎಂದು ಅಕ್ಕ ಪೆಟ್ಟಿಗೆಯಿಂದ ಒಂದು ಹಳೆಯ ಕುಪ್ಪಸ ತೆಗೆದಳು. ಎದೆಯ ಎರಡು ಕಡೆ ಬೇರೆ ಬಣ್ಣದ ತೇಪೆ ಇತ್ತು. "ಬೆಟ್ಟ ದಾಟಿದಾಗ ತೊಟ್ಟಿದ್ದು ಇದನ್ನೇ. ನೀನು ಒಮ್ಮೆ ಈ ಹೆಗಲ ಮೇಲೆ, ಒಮ್ಮೆ ಆ ಹೆಗಲ ಮೇಲೆ ಕೂತು ಕಾಲಾಡಿಸಿ ಆಡಿಸಿ, ನಿನ್ನ ಹಿಮ್ಮಡಿ ತಾಗಿದ ಕಡೆಯೆಲ್ಲ ಸವೆದುಹೋಯಿತು."

ಆಕೆ ನಿಲುವಂಗಿ ಕಳಚಿ ಆ ಕುಪ್ಪಸ ತೊಟ್ಟಳು. ಅದು ಎಲ್ಲಿಯೂ ಸಡಿಲವಾಗಲಿಲ್ಲ. ಹದಿನೇಳರಲ್ಲಿ ಎಷ್ಟಿದ್ದಳೋ ಈಗಲೂ ಅಷ್ಟೇ ಇದ್ದಳು.

ತಂಗಿ ಬಹಳ ಹೊತ್ತು ಆ ತೇಪೆಗಳನ್ನು ನೋಡಿದಳು. ಆಮೇಲೆ ಎದ್ದು, ಒಂದು ದಾರ ಹುಡುಕಿ ತಂದು, ಅಕ್ಕನ ಬೆನ್ನ ಹಿಂದೆ ನಿಂತಳು. ಜೀವನದಲ್ಲಿ ಮೊದಲ ಸಲ ಅಳತೆ ತೆಗೆದಳು. ಈ ಭುಜದಿಂದ ಆ ಭುಜಕ್ಕೆ ಒಂದೂವರೆ ಗೇಣು. ನಂಬಿಕೆ ಬರದೆ ಇನ್ನೊಮ್ಮೆ ಅಳೆದಳು. ಒಂದೂವರೆಯೇ.

"ಅಕ್ಕಾ, ಇಷ್ಟು ಸಣ್ಣ ಹೆಗಲ ಮೇಲೆ ನನ್ನನ್ನು ಹೇಗೆ ಹೊತ್ತೆ?"

"ಇದ್ದದ್ದು ಇದೇ ಹೆಗಲಲ್ಲವೇ?"

"ದಾರಿಯುದ್ದಕ್ಕೂ ನೀನು ಹಾಡು ಹೇಳುತ್ತಿದ್ದೆ. ನಿನಗೆ ದಣಿವೇ ಆಗುವುದಿಲ್ಲ ಎಂದುಕೊಂಡಿದ್ದೆ."

"ನೀನು ನಿದ್ದೆಹೋದರೆ ಭಾರ ಹೆಚ್ಚಾಗುತ್ತಿತ್ತು ಕಣೆ. ಎಚ್ಚರವಾಗಿರಲಿ ಎಂದು ಹಾಡುತ್ತಿದ್ದೆ."

ತಂಗಿ ಅಕ್ಕನ ಬೆನ್ನಿಗೆ ಹಣೆ ಇಟ್ಟು ಅತ್ತಳು. ತಾನು ಸೋತೆನೆಂದು ಅವಳು ಯಾರ ಮುಂದೆಯೂ ಹೇಳಿದವಳಲ್ಲ. ಅಂದೂ ಹೇಳಲಿಲ್ಲ. ಪಕ್ಕದ ಮನೆಯ ಮುದುಕಿಯ ಬಳಿ ಕತ್ತರಿ ಕೇಳಿ ತಂದು, ನೆಲದ ಮೇಲೆ ಕೂತು, ನಿಲುವಂಗಿಯ ಹೊಲಿಗೆ ಬಿಚ್ಚಲು ಶುರುಮಾಡಿದಳು. ಇಪ್ಪತ್ತು ವರ್ಷಗಳಿಂದ ಸೂಜಿ ಹಿಡಿಯದ ಕೈ. ಬೆರಳಿಗೆ ಎಷ್ಟೋ ಸಲ ಚುಚ್ಚಿತು. ಪ್ರತಿ ಹೊಲಿಗೆಗೂ ಅಕ್ಕನನ್ನು ಕರೆದು ನಿಲ್ಲಿಸಿ, ತೊಡಿಸಿ ನೋಡಿದಳು. ಮೈಗೂ ಬಟ್ಟೆಗೂ ನಡುವೆ ತನ್ನ ಅಂಗೈ ತೂರಿಸಿ ನೋಡಿದಳು. ಎರಡು ದಿನ ಹಿಡಿಯಿತು.

"ಇನ್ನೊಬ್ಬಳಿಗೆ ಆಗುವಷ್ಟು ಬಟ್ಟೆ ಉಳಿಯಿತಲ್ಲೇ" ಎಂದಳು ಅಕ್ಕ.

"ಉಳಿಯಲಿ, ಅಕ್ಕಾ. ಅಲ್ಲಾಡಬೇಡ, ತೋಳು ಎತ್ತು."

ಗುರುಮಾತೆ ಕತೆ ನಿಲ್ಲಿಸಿದರು.

"ಆ ಚಳಿಯನ್ನು ಅಕ್ಕ ದಾಟಿದಳೇ, ಅಮ್ಮಾ?" ಎಂದು ಕೇಳಿದ ಶಿಷ್ಯ.

"ದಾಟಿದಳು. ಆಮೇಲಿನ ಎಷ್ಟೋ ಚಳಿಗಳನ್ನೂ ದಾಟಿದಳು."

ಶಿಷ್ಯನಿಗೆ ಸಮಾಧಾನವಾಯಿತು. ಆದರೆ ಅವನ ಪ್ರಶ್ನೆ ಇನ್ನೂ ಉಳಿದಿತ್ತು. "ಅಂದಮೇಲೆ ತಂಗಿ ಇಷ್ಟು ವರ್ಷ ನಂಬಿದ್ದ ಅಳತೆ ತಪ್ಪೇ ಆಯಿತಲ್ಲ?"

ಗುರುಮಾತೆ ಹೇಳಿದರು: "ನಾಲ್ಕೇ ಪುಸ್ತಕ ಬಲ್ಲವರು ನಿನ್ನನ್ನು ಇಷ್ಟು ದೂರ ಹೇಗೆ ಹೊತ್ತು ತಂದರೋ, ಹೋಗಿ ಕೇಳಿಕೊಂಡು ಬಾ."